ಮನೆಯಲ್ಲಿ ಮಾಡಿದ ಡಿವಿಡಿ ತಪ್ಪು ಸಮಯ ತೋರಿಸಿದರೆ

ಒಂದೂವರೆ ಗಂಟೆಯ ವಿಡಿಯೊವನ್ನು ಪ್ಲೇಯರ್ 22 ನಿಮಿಷ ಎನ್ನುತ್ತದೆ. ಇಲ್ಲವೇ ಓಡುತ್ತಿದ್ದ ಸಮಯ ನಡುವೆ ಸೊನ್ನೆಗೆ ಬಂದು ನಿಲ್ಲುತ್ತದೆ. ಆಗ ಹೆಚ್ಚಿನವರು ಅದೇ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಬರ್ನ್ ಮಾಡುತ್ತಾರೆ. ಡಿಸ್ಕ್ ದಂಡ, ತಪ್ಪು ಹಾಗೇ ಇರುತ್ತದೆ. ಪ್ಲೇಯರ್ ವಿಡಿಯೊವನ್ನು ಅಳೆದು ಸಮಯ ಹೇಳುವುದಿಲ್ಲ. ಡಿಸ್ಕಿನ ವಿವರಪಟ್ಟಿಯಾದ ಐಎಫ್‌ಒ ಫೈಲಿನಲ್ಲಿ ಬರೆದಿಟ್ಟ ಅವಧಿ, ವಿಡಿಯೊ ತುಂಬಿರುವ ವಿಒಬಿ ಫೈಲಿನ ಉದ್ದಕ್ಕೂ ಇರುವ ನ್ಯಾವ್ ಪ್ಯಾಕ್‌ಗಳು (ಸಮಯ, ಸ್ಥಾನದ ಗುರುತುಗಳು), ಇವೆರಡನ್ನು ಓದಿ ಹೇಳುತ್ತದೆ. ರಿಪೇರಿ ಆಗಬೇಕಾದ್ದು ಅಲ್ಲಿ.

1. ರಿಮೋಟ್ ನೋಡಿ. ಡಿಸ್‌ಪ್ಲೇ ಬಟನ್ ಒತ್ತುತ್ತಾ ಹೋದರೆ ಟೈಟಲ್ (ಇಡೀ ವಿಡಿಯೊ) ಸಮಯ, ಚಾಪ್ಟರ್ (ಅದರ ಒಂದು ಭಾಗ) ಸಮಯ, ಉಳಿದ ಸಮಯ ಒಂದಾದ ಮೇಲೊಂದು ಬರುತ್ತವೆ. ಪ್ರತಿ ಚಾಪ್ಟರಿಗೂ ಸೊನ್ನೆಯಿಂದ ಎಣಿಸುತ್ತಿದ್ದರೆ ದೋಷವೇ ಇಲ್ಲ.

2. ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಇಡೀ ಡಿಸ್ಕ್ ಅಥವಾ ವಿಡಿಯೊ_ಟಿಎಸ್ ಫೋಲ್ಡರ್ ತೆರೆಯಿರಿ. ಬಿಡಿ ವಿಒಬಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಡಿವಿಡಿಯಲ್ಲಿ ಒಂದು ವಿಒಬಿ 1 ಜಿಬಿ ಮೀರುವಂತಿಲ್ಲ, ಹಾಗಾಗಿ ಉದ್ದದ ವಿಡಿಯೊ ತುಂಡಾಗಿಯೇ ಇರುತ್ತದೆ. ಒಂದು ತುಂಡಿನ ಅವಧಿ ನೋಡಿ ಗಾಬರಿಯಾಗುವುದು ಬೇಡ.

3. ಲಕ್ಷಣ ಗುರುತಿಸಿ. ಒಟ್ಟು ಅವಧಿ ಮಾತ್ರ ತಪ್ಪಿದ್ದರೆ ಐಎಫ್‌ಒ ಕೆಟ್ಟಿದೆ. ಸಮಯವೇ ಕಾಣದಿದ್ದರೆ ಒಂದೇ ಟೈಟಲನ್ನು ಹಲವು ಪಿಜಿಸಿಗಳಾಗಿ (ಪ್ಲೇಯರ್ ಓಡಿಸುವ ಬೇರೆ ಬೇರೆ ಸರಣಿಗಳಾಗಿ) ಒಡೆದಿರಬಹುದು. ಅಂಥ ಟೈಟಲಿಗೆ ಅನೇಕ ಪ್ಲೇಯರುಗಳು ಸಮಯ ತೋರಿಸುವುದಿಲ್ಲ. ಎಲ್ಲವನ್ನೂ ಒಂದೇ ಟೈಟಲಿಗೆ ಸೇರಿಸಿ ಚಾಪ್ಟರ್ ಹಾಕಿದರೆ ಸರಿಹೋಗುತ್ತದೆ. ಸಮಯ ನಡುವೆ ಜಿಗಿದರೆ ಕ್ಲಿಪ್‌ಗಳ ಜೋಡಣೆಯಲ್ಲೇ ಎಡವಟ್ಟು.

4. ಜೋಡಣೆ ಸರಿಪಡಿಸಿ. ಬಹುಪಾಲು ಡಿವಿಡಿಗಳು ಹಾಳಾಗುವುದು ಇಲ್ಲಿ. ಎಂಪೆಗ್ (ಡಿವಿಡಿ ವಿಡಿಯೊದ ರೂಪ) ಫೈಲಿನ ಫ್ರೇಮ್‌ಗಳಿಗೂ, ಅಂದರೆ ಬಿಡಿ ಚಿತ್ರಗಳಿಗೂ, ಧ್ವನಿಯ ತುಣುಕುಗಳಿಗೂ ಸಮಯದ ಮುದ್ರೆ ಇರುತ್ತದೆ. ಮೂರು ಕ್ಲಿಪ್‌ಗಳನ್ನು ಬಾಲಕ್ಕೆ ತಲೆ ತಾಗಿಸಿ ಅಂಟಿಸಿದರೆ ಎರಡನೆಯದರ ಮುದ್ರೆ ಮತ್ತೆ ಸೊನ್ನೆಯಿಂದ ಶುರು. ಟಿವಿ ಟ್ಯೂನರಿನಿಂದ ರೆಕಾರ್ಡ್ ಆದದ್ದಾದರೆ ಯಾವುದೋ ದೊಡ್ಡ ಅಂಕಿಯಿಂದ ಶುರು. ಡಿವಿಡಿ ಮಾಡುವ ತಂತ್ರಾಂಶ ಆ ಮುದ್ರೆಗಳನ್ನೇ ನಂಬಿ ಅವಧಿ ಲೆಕ್ಕ ಹಾಕುತ್ತದೆ.

ಪ್ರತಿ ಕ್ಲಿಪ್ಪನ್ನೂ ಪ್ರಾಜೆಕ್ಟ್ ಎಕ್ಸ್‌ನಂಥ ತಂತ್ರಾಂಶದಲ್ಲಿ ಹಾಕಿ ವಿಡಿಯೊ, ಆಡಿಯೊ ಬೇರ್ಪಡಿಸಿ. ಎರಡರ ಉದ್ದ ಹೋಲಿಸಿ. ಒಂದೆರಡು ಫ್ರೇಮ್ ವ್ಯತ್ಯಾಸವಿದ್ದರೆ ಪರವಾಗಿಲ್ಲ. ಸೆಕೆಂಡುಗಟ್ಟಲೆ ಇದ್ದರೆ ಮೂಲದಲ್ಲೇ ಫ್ರೇಮ್ ಬಿಟ್ಟುಹೋಗಿವೆ, ಆ ಕ್ಲಿಪ್ಪನ್ನು ಮತ್ತೆ ಎನ್‌ಕೋಡ್ ಮಾಡಬೇಕು. ಎಲ್ಲ ಕ್ಲಿಪ್‌ಗಳೂ ಒಂದೇ ಅಳತೆ, ಒಂದೇ ಫ್ರೇಮ್ ದರದಲ್ಲಿರಲಿ: ಪಾಲ್ (ಭಾರತದ ಟಿವಿ ಪದ್ಧತಿ) ಆದರೆ 720×576, ಸೆಕೆಂಡಿಗೆ 25 ಫ್ರೇಮ್, ಆಡಿಯೊ 48 ಕಿಲೋಹರ್ಟ್ಜ್. ಆಮೇಲೆ ಹೊಸದಾಗಿ ಮಕ್ಸ್ ಮಾಡಿದರೆ, ಅಂದರೆ ವಿಡಿಯೊ, ಆಡಿಯೊ ಮತ್ತೆ ಒಂದೇ ಫೈಲಿಗೆ ಸೇರಿಸಿದರೆ, ಮುದ್ರೆಗಳು ಮೊದಲಿಂದ ಕೊನೆಯವರೆಗೆ ಸಾಲಾಗಿ ಬರುತ್ತವೆ.

ಮೊಬೈಲ್ ವಿಡಿಯೊಗಳಲ್ಲಿ ಫ್ರೇಮ್ ದರ ಏರಿಳಿಯುತ್ತಿರುತ್ತದೆ. ಅವನ್ನು ನೇರವಾಗಿ ಡಿವಿಡಿ ತಂತ್ರಾಂಶಕ್ಕೆ ಕೊಡಬೇಡಿ, ಮೊದಲು ಸ್ಥಿರ ದರಕ್ಕೆ ತನ್ನಿ. ‘ಒಂದೇ ಕ್ಲಿಕ್‌ನಲ್ಲಿ ಜೋಡಣೆ’ ಎನ್ನುವ ಉಚಿತ ತಂತ್ರಾಂಶಗಳಲ್ಲಿ ಎಷ್ಟೋ, ಫೈಲುಗಳನ್ನು ಬರೀ ಅಂಟಿಸಿ ಕೈತೊಳೆದುಕೊಳ್ಳುತ್ತವೆ. ಅವುಗಳ ತಂಟೆಗೇ ಹೋಗಬೇಡಿ.

5. ಐಎಫ್‌ಒ ಹೊಸದಾಗಿ ಮಾಡಿ. ವಿಒಬಿ ಚೆನ್ನಾಗಿದ್ದು ಐಎಫ್‌ಒ ಮಾತ್ರ ಕೆಟ್ಟಿದ್ದರೆ ಐಎಫ್‌ಒ ಎಡಿಟ್ ಎಂಬ ತಂತ್ರಾಂಶದಲ್ಲಿ ಅದನ್ನು ಮರುಸೃಷ್ಟಿಸಬಹುದು. ಮೆನು ಹೋಗಿಬಿಡುತ್ತದೆ, ಆದ್ದರಿಂದ ನಕಲಿನ ಮೇಲೆ ಕೆಲಸ ಮಾಡಿ. ಪಕ್ಕದ ಬಿಯುಪಿ ಫೈಲ್ ಅದರದೇ ಪ್ರತಿ. ಒಂದನ್ನು ಬದಲಿಸಿ ಇನ್ನೊಂದನ್ನು ಹಳೆಯದೇ ಬಿಟ್ಟರೆ, ಪ್ಲೇಯರ್ ಬಿಯುಪಿ ಓದಿದ ದಿನ ಹಳೆಯ ತಪ್ಪು ಮರಳುತ್ತದೆ. ನಾಲ್ಕನೇ ಹಂತ ಮುಗಿಸಿದವರು ಇದನ್ನು ಬಿಟ್ಟು ಡಿವಿಡಿ ಸ್ಟೈಲರ್ ತಂತ್ರಾಂಶದಲ್ಲಿ ಹೊಸದಾಗಿ ಕಟ್ಟಿದರೆ ವಾಸಿ.

6. ಬರ್ನ್ ಮಾಡಿ. ಮೊದಲು ಮರುಬಳಕೆಯ ಆರ್‌ಡಬ್ಲ್ಯೂ ಡಿಸ್ಕಿಗೆ. ಟಿವಿಯಲ್ಲಿ ಪ್ರತಿ ಜೋಡಣೆಯ ಹಿಂದೆಮುಂದೆ ಹತ್ತು ಸೆಕೆಂಡ್ ನೋಡಿ, ಟೈಮ್ ಸರ್ಚ್‌ನಲ್ಲಿ ಒಂದು ಸಮಯ ಕೊಟ್ಟು ಅಲ್ಲಿಗೇ ಹೋಗುತ್ತದೆಯೇ ಪರೀಕ್ಷಿಸಿ. ಆಮೇಲಷ್ಟೇ ಒಳ್ಳೆಯ ಡಿಸ್ಕ್. ಫೈನಲೈಸ್ (ಬರೆಯುವುದನ್ನು ಮುಗಿಸಿ ಡಿಸ್ಕ್ ಮುಚ್ಚುವುದು) ಮರೆಯಬೇಡಿ.

ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಪದ್ಧತಿ) ಡಿಸ್ಕಿನಲ್ಲಿ ಗಂಟೆಗೆ 3.6 ಸೆಕೆಂಡ್ ಕಡಿಮೆ ತೋರಿಸಿದರೆ ಕೈಹಾಕಬೇಡಿ. ವಿಡಿಯೊ ಓಡುವುದು ಸೆಕೆಂಡಿಗೆ 29.97 ಫ್ರೇಮ್, ಡಿವಿಡಿ ಎಣಿಸುವುದು 30ರ ಲೆಕ್ಕದಲ್ಲಿ.