ಸ್ಕ್ರ್ಯಾಪ್ ಡ್ರಮ್ಮಿನಲ್ಲಿ ಸಿಕ್ಕ 11 ಪೀಸುಗಳು

ಹುಬ್ಬಳ್ಳಿ ಗೋಕುಲ ರೋಡಿನ ಒಂದು ಮಷಿನ್ ಶಾಪಿನಲ್ಲಿ ನಾನು ಸೂಪರ್‌ವೈಸರ್. ವಾಲ್ವ್ ಬಾಡಿಗಳಿಗೆ ಬೋರಿಂಗ್ ಮಾಡಿ ಕೊಡುವುದು, ಅಂದರೆ ಒಳಗಿನ ತೂತನ್ನು (ಬೋರ್) ಸರಿಯಾದ ಅಳತೆಗೆ ಕೊರೆದು ಕೊಡುವುದು, ನಮ್ಮ ಮುಖ್ಯ ಕೆಲಸ. ಐಟಿಐ ಮುಗಿಸಿ ಹೆಲ್ಪರ್ ಆಗಿ ಸೇರಿದೆ, 9 ವರ್ಷ ಮಷಿನ್ ಮುಂದೆ ನಿಂತೆ. ಆಮೇಲೆ 18 ಜನರ ಜವಾಬ್ದಾರಿ ಬಂತು. ಕೆಲಸ ಮಾಡುವುದು ನನಗೆ ಗೊತ್ತಿತ್ತು, ಮಾಡಿಸುವುದನ್ನು ಯಾರೂ ಕಲಿಸಿರಲಿಲ್ಲ. ನನ್ನ ಮೇಲಿದ್ದವರು ಬೈದು ಮಾಡಿಸುತ್ತಿದ್ದರು. ನಾನೂ ಅದನ್ನೇ ಹಿಡಿದೆ.

ಒಂದು ಪೀಸ್ ಕೆಟ್ಟರೆ ನನ್ನ ಮೊದಲ ಮಾತು, "ಯಾರ್ಲೇ ಮಾಡಿದ್ದು ಇದನ್ನ?" ಅದೂ ಇಡೀ ಶಾಪಿಗೆ ಕೇಳುವ ಹಾಗೆ. ರಿಜೆಕ್ಷನ್ ರಜಿಸ್ಟರಿನಲ್ಲಿ ತಿಂಗಳಿಗೆ ನಾಲ್ಕೋ ಐದೋ ಪೀಸು ಬರುತ್ತಿತ್ತು. ನನ್ನ ಬಿಗಿಯಿಂದಲೇ ಇಷ್ಟು ಕಡಿಮೆ ಇದೆ ಅಂತ ನಂಬಿದ್ದೆ.

ಒಂದು ಶನಿವಾರ ಸ್ಕ್ರ್ಯಾಪ್ ಒಯ್ಯುವ ಗಾಡಿ ಬಂತು. ಡ್ರಮ್ ಎತ್ತಲು ಇಬ್ಬರು ಹೋದರು, ಅಲುಗಾಡಲಿಲ್ಲ. ಬರೀ ಚಿಪ್ಸ್, ಅಂದರೆ ಕೊರೆದಾಗ ಬೀಳುವ ಲೋಹದ ಚೂರು, ಇದ್ದರೆ ಅಷ್ಟು ಭಾರ ಆಗಲ್ಲ. ಬಗ್ಗಿಸಿ ಸುರಿದೆವು. ಮೇಲೆ ಕೂಲಂಟ್‌ನಲ್ಲಿ ನೆನೆದ ಚಿಪ್ಸ್, ಕೆಳಗೆ ಒಂದು ಹಳೇ ಗೋಣಿಚೀಲ. ಚೀಲದೊಳಗೆ 11 ವಾಲ್ವ್ ಬಾಡಿ. ಹಿಂದಿನ ವಾರವಷ್ಟೇ ಲೆಕ್ಕದಲ್ಲಿ ಪೀಸು ಕಡಿಮೆ ಬಂದಿವೆ ಅಂತ, ಬಾಡಿಗಳನ್ನು ಎರಕ ಹೊಯ್ದು ನಮಗೆ ಕಳಿಸುವ ಫೌಂಡ್ರಿಯವರ ಜೊತೆ ಫೋನಿನಲ್ಲಿ ಜಗಳ ಆಡಿದ್ದೆ. ಆ ಪೀಸುಗಳು ನಮ್ಮ ಡ್ರಮ್ಮಿನಲ್ಲೇ ಇದ್ದವು.

ಒಂದೊಂದನ್ನೇ ಒರೆಸಿ ಅಳೆದೆ. ಎಲ್ಲದರಲ್ಲೂ ಬೋರ್ ಹೆಚ್ಚುಕಡಿಮೆ 0.08 ಮಿಲಿಮೀಟರ್ ದೊಡ್ಡದಾಗಿತ್ತು. ಬೋರ್ ಚಿಕ್ಕದಿದ್ದರೆ ಇನ್ನೊಂದು ಕಟ್ ಕೊಟ್ಟು ಉಳಿಸಿಕೊಳ್ಳಬಹುದು. ದೊಡ್ಡದಾದರೆ ಆ ಪೀಸಿನ ಕಥೆ ಮುಗಿದ ಹಾಗೆ. ಆದರೆ ಬೇರೆ ಬೇರೆ ದಿನ, ಬೇರೆ ಬೇರೆ ಕೈಯಲ್ಲಿ ಕೆಟ್ಟ ಪೀಸುಗಳಿಗೆ ಒಂದೇ ಅಳತೆ ಹೇಗೆ ಬಂತು? ಆ ಪ್ರಶ್ನೆ ಬಂದಾಗ ನನ್ನ ಸಿಟ್ಟು ಅರ್ಧ ಇಳಿಯಿತು.

ಕುಂದಗೋಳದಿಂದ ಬರುವ ಒಬ್ಬ ಹುಡುಗನನ್ನು ಚಹಾದ ಅಂಗಡಿಗೆ ಕರೆದುಕೊಂಡು ಹೋದೆ. ಏನೂ ಅನ್ನಲ್ಲ, ಏನಾಯ್ತು ಅಂತಷ್ಟೇ ಹೇಳು ಅಂದೆ. ಅವನು ತುಂಬಾ ಹೊತ್ತು ಗ್ಲಾಸ್ ತಿರುಗಿಸುತ್ತಾ ಕೂತ. ಆಮೇಲೆ ಹೇಳಿದ: "ಖರೇ ಹೇಳ್ಲ್ಯಾ ಸರ? ನಿಮ್ಮ ಮುಂದ ಹೇಳೂದಕ್ಕಿಂತ ಮುಚ್ಚಿಡೂದು ಸಸಾರ ಅನಸ್ತೇತ್ರಿ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವನು ಹೇಳಿದ್ದರಿಂದ ಕಾರಣ ಸಿಕ್ಕಿತು. ಟೂಲಿನ ಇನ್‌ಸರ್ಟ್ (ತುದಿಗೆ ಕೂರಿಸುವ, ಬದಲಾಯಿಸಬಹುದಾದ ಕತ್ತರಿಸುವ ತುಂಡು) ಸವೆದಂತೆಲ್ಲ ಬೋರ್ ಚಿಕ್ಕದಾಗುತ್ತಾ ಬರುತ್ತದೆ. ಅದಕ್ಕೆ ಆಪರೇಟರ್ ಆಫ್‌ಸೆಟ್, ಅಂದರೆ ಟೂಲ್ ಎಷ್ಟು ಸರಿದು ಕತ್ತರಿಸಬೇಕು ಅಂತ ಮಷಿನ್ನಿಗೆ ಕೊಡುವ ಅಂಕಿಯನ್ನು, ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗುತ್ತಾನೆ. ಹೊಸ ಇನ್‌ಸರ್ಟ್ ಹಾಕಿದಾಗ ಏರಿಸಿದ್ದನ್ನು ವಾಪಸ್ ಇಳಿಸಬೇಕು. ಇಳಿಸದಿದ್ದರೆ ಮೊದಲ ಪೀಸೇ ದೊಡ್ಡದಾಗಿ ಬರುತ್ತದೆ. ಮೊದಲ ಪಾಳಿಯವನು ಎಷ್ಟು ಏರಿಸಿದ್ದಾನೆ ಅಂತ ಎರಡನೇ ಪಾಳಿಯವನಿಗೆ ಯಾರೂ ಹೇಳುತ್ತಿರಲಿಲ್ಲ. ಮಧ್ಯಾಹ್ನ 3ಕ್ಕೆ ಒಬ್ಬ ಬಸ್ಸಿಗೆ ಓಡುತ್ತಿದ್ದ, ಇನ್ನೊಬ್ಬ ಬಂದು ಬಟನ್ ಒತ್ತುತ್ತಿದ್ದ. ಹುಡುಗರ ಕೈ ಚೆನ್ನಾಗೇ ಇತ್ತು. ಪಾಳಿ ಒಪ್ಪಿಸುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ, ಅದನ್ನು ಮಾಡಬೇಕಾದವನು ನಾನು.

ಸೋಮವಾರ ಎರಡೂ ಪಾಳಿಯವರನ್ನು ಕೂಡಿಸಿದೆ. ಹೆಲ್ಪರ್ ಆಗಿದ್ದಾಗ ನಾನೇ ಕೆಡಿಸಿದ ಒಂದು ಪೀಸಿನ ಬಗ್ಗೆ ಹೇಳಿದೆ. ಅದನ್ನು ಯಾರಿಗೂ ಹೇಳದೆ ಎಷ್ಟು ದಿನ ಹೆದರಿಕೊಂಡು ಓಡಾಡಿದ್ದೆ ಅಂತಾನೂ ಹೇಳಿದೆ. ಕೆಟ್ಟ ಪೀಸನ್ನು ಟೇಬಲ್ ಮೇಲೆ ತಂದಿಟ್ಟವನಿಗೆ ಬೈಗುಳ ಇಲ್ಲ, ಪಗಾರದಲ್ಲಿ ಕಡಿತ ಇಲ್ಲ ಅಂದೆ. ಕಡಿತದ ವಿಷಯಕ್ಕೆ ಮಾಲಕರನ್ನು ಒಪ್ಪಿಸಲು ಮೂರು ಸಲ ಹೋಗಬೇಕಾಯಿತು. ಪ್ರತಿ ಮಷಿನ್ನಿಗೂ ಒಂದು ಸ್ಲೇಟ್ ಕಟ್ಟಿದೆವು: ಇನ್‌ಸರ್ಟ್ ಯಾವಾಗ ಬದಲಾಯಿತು, ಆಫ್‌ಸೆಟ್ ಎಷ್ಟಿದೆ. ಎರಡನೇ ಪಾಳಿಯವರು 10 ನಿಮಿಷ ಮೊದಲೇ ಬಂದು ಮಷಿನ್ ಮುಂದೆ ನಿಂತು ಕೆಲಸ ಒಪ್ಪಿಸಿಕೊಳ್ಳಬೇಕು, ಆ 10 ನಿಮಿಷಕ್ಕೂ ಪಗಾರ ಉಂಟು.

ಮುಂದಿನ ತಿಂಗಳು ರಜಿಸ್ಟರಿನಲ್ಲಿ 19 ಪೀಸು! ಮಾಲಕರು ಕರೆದು, "ಹುಡುಗ್ರನ್ನ ಭಾಳ ಸಡಲ ಬಿಟ್ಟೀರಿ" ಅಂದರು. ಸುಮ್ನೆ ಕೇಳಿಸಿಕೊಂಡೆ. ಒಳಗೆ ನನಗೂ ಅಳುಕಿತ್ತು. ಆದರೆ ಆ ತಿಂಗಳು ಫೌಂಡ್ರಿ ಲೆಕ್ಕ ಸರಿಯಾಗಿ ಕೂಡಿಬಂತು, ಡ್ರಮ್ಮಿನಲ್ಲಿ ಬರೀ ಚಿಪ್ಸ್ ಇತ್ತು. ಅದನ್ನೇ ತೋರಿಸಿದೆ. ಮೂರನೇ ತಿಂಗಳಿಂದ ಅಂಕಿ ಇಳಿಯತೊಡಗಿತು.

ಆಮೇಲೆ ಓದಿದ ಒಂದು ವಿಷಯ ನನಗೆ ಧೈರ್ಯ ಕೊಟ್ಟಿತು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ತೆಗೆದರೆ ಅಲ್ಲೇ ಜಾಸ್ತಿ ಬಂತು, ಯಾಕಂದರೆ ಆ ತಂಡಗಳ ದಾದಿಯರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ನಮ್ಮ 19 ಕೂಡ ಅದೇ ಅಲ್ವಾ? ಗುಣಮಟ್ಟದ ವಿಷಯದಲ್ಲಿ ಜಪಾನಿಗೆ ಪಾಠ ಹೇಳಿದ ಡೆಮಿಂಗ್ ಅವರ 14 ಸೂತ್ರಗಳಲ್ಲಿ ಎಂಟನೆಯದು "ಭಯ ಓಡಿಸಿ". ಒಂದು ತರಬೇತಿಯಲ್ಲಿ ನಾನೇ ಅದನ್ನು ಬರೆದುಕೊಂಡಿದ್ದೆ. ಅದು ನೋಟ್‌ಬುಕ್ಕಿನಲ್ಲೇ ಉಳಿದಿತ್ತು.

ಜನರನ್ನು ಮುಂದಿಟ್ಟುಕೊಂಡು ನಡೆಸುವುದು ಅಂದರೆ ಎಲ್ಲದಕ್ಕೂ ಹೂಂ ಅನ್ನುವುದು ಅಂತ ಕೆಲವರು ತಿಳಿದಿದ್ದಾರೆ. ನಾನು ಒಪ್ಪಲ್ಲ. ಪ್ರತಿ ಐದನೇ ಪೀಸಿಗೆ ಗೇಜ್ ಹಾಕಲೇಬೇಕು. ಗೇಜ್ ಹಾಕದೇ ಹಾಕಿದ್ದೇನೆ ಅಂತ ಬರೆದವನ ಜೊತೆ ಇವತ್ತೂ ಗಟ್ಟಿಯಾಗೇ ಮಾತಾಡುತ್ತೇನೆ. ಆದರೆ ನಾಲ್ಕು ಜನರ ಮುಂದೆ ಮಾತಾಡಲ್ಲ, ಪಕ್ಕಕ್ಕೆ ಕರೆದು ಮಾತಾಡುತ್ತೇನೆ.

ಶನಿವಾರ ಮಷಿನ್ ಸ್ವಚ್ಛ ಮಾಡಿದ ಮೇಲೆ ಮುಕ್ಕಾಲು ಗಂಟೆ ಕಲಿಸುತ್ತೇವೆ. ಕುಂದಗೋಳದ ಹುಡುಗ ಅಲ್ಲೇ ಪ್ರೋಗ್ರಾಮ್ ಬರೆಯಲು ಕಲಿತ, ಈಗ ಸೆಟ್ಟಿಂಗ್ ಅವನದೇ. ಅವನು ನನಗಿಂತ ಚೆನ್ನಾಗಿ ಕಲಿಸುತ್ತಾನೆ. ಹೆಲ್ಪರ್ ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಮೊದಲು ಮೈಕ್ರೋಮೀಟರ್ ಅವನ ಕೈಗೇ ಕೊಡುತ್ತಾನೆ.

ಕಳೆದ ವಾರ ರಾತ್ರಿ ಊಟಕ್ಕೆ ಕೂತಿದ್ದೆ. ಎರಡನೇ ಪಾಳಿಯಿಂದ ಫೋನ್ ಬಂತು, ಸೇರಿ ಎರಡು ತಿಂಗಳೂ ಆಗದ ಹುಡುಗನದು. "ಸರ, ಒಂದ್ ಪೀಸ್ ಓವರ್ ಆಗೇತ್ರಿ. ಮಷಿನ್ ನಿಲ್ಲಿಸೀನಿ." ಏನು ನೋಡಿದೆ ಅಂತ ಕೇಳಿದೆ. ಸ್ಲೇಟ್ ನೋಡಿದ್ದ, ಆಫ್‌ಸೆಟ್ ಸರಿ ಇತ್ತು. ಇನ್‌ಸರ್ಟ್ ಹಿಂದಿನ ಸಂದಿ ನೋಡು ಅಂದೆ. ಸಣ್ಣದೊಂದು ಚಿಪ್ ಸಿಕ್ಕಿಕೊಂಡಿತ್ತಂತೆ. ತೆಗೆದು, ಮುಂದಿನ ಪೀಸು ಅಳೆದು, ಅಳತೆ ಓದಿ ಹೇಳಿದ. ನಾನು ರೊಟ್ಟಿ ಮುಗಿಸಿದೆ.