ಮನೆಯಲ್ಲೇ ಕಟಿಂಗ್: ಖರ್ಚು ಉಳಿಸುವ ದಾರಿ

ಗಿಡ್ಡ ಕೂದಲಿನವರಿಂದಲೇ ಶುರುಮಾಡಿ. ಪದೇ ಪದೇ ಕಟಿಂಗ್ ಬೇಕಾಗುವುದು ಅವರಿಗೇ, ಹಾಗಾಗಿ ಉಳಿತಾಯವೂ ಅಲ್ಲೇ ಹೆಚ್ಚು. ಕ್ಲಿಪ್ಪರ್ (ಕೂದಲು ಕತ್ತರಿಸುವ ಮೆಷಿನ್), ಕೂದಲು ಕತ್ತರಿಸುವ ಕತ್ತರಿ, ಬಾಚಣಿಗೆ, ಹಳೆಯ ಬೆಡ್‌ಶೀಟು ಸಾಕು. ಅಡುಗೆಮನೆಯ ಕತ್ತರಿ ಬೇಡವೇ ಬೇಡ; ಮೊಂಡು ಅಲಗು ಕೂದಲನ್ನು ಮಡಚಿ ಜಗ್ಗುತ್ತದೆ.

ತಲೆ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಕೂದಲು ಮುದ್ದೆಯಾಗಿ ಅಲ್ಲಲ್ಲಿ ಉಳಿದುಬಿಡುತ್ತದೆ. ಗಾರ್ಡ್ ಅಂದರೆ ಕೂದಲು ಎಷ್ಟು ಉದ್ದ ಉಳಿಯಬೇಕೆಂದು ಕ್ಲಿಪ್ಪರಿಗೆ ಸಿಕ್ಕಿಸುವ ಬಾಚಣಿಗೆಯಂಥ ಭಾಗ. ದೊಡ್ಡ ಗಾರ್ಡ್ ಮೊದಲು: ಸಾಮಾನ್ಯವಾಗಿ 4ನೇ ನಂಬರ್ ಸುಮಾರು 13 ಮಿ.ಮೀ., 2ನೆಯದು 6 ಮಿ.ಮೀ. ಉಳಿಸುತ್ತದೆ. ತಲೆಯೆಲ್ಲ 4ರಲ್ಲಿ ಮುಗಿಸಿ, ಬದಿಗೂ ಹಿಂಬದಿಗೂ ಮಾತ್ರ 2 ಹಾಕಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಓಡಿಸಿ. ತಲೆಬುರುಡೆ ಒಳಕ್ಕೆ ಬಾಗುವ ಕಡೆ ಕ್ಲಿಪ್ಪರನ್ನು ಹೊರಕ್ಕೆ ಎತ್ತಲೇಬೇಕು. ಒತ್ತಿಕೊಂಡೇ ಹೋದರೆ ಕೂದಲಲ್ಲಿ ಮೆಟ್ಟಿಲಿನಂಥ ಗೆರೆ ಬೀಳುತ್ತದೆ. ಬಿದ್ದರೆ ಗಾಬರಿ ಬೇಡ, 3ನೇ ಗಾರ್ಡನ್ನು ಆ ಗೆರೆಯ ಮೇಲಷ್ಟೇ ಆಡಿಸಿ. ಕಿವಿಯ ಸುತ್ತ ಹೋಗುವಾಗ ಕಿವಿಯನ್ನು ಬೆರಳಿಂದ ಮಡಚಿ ಹಿಡಿಯಿರಿ.

ಉದ್ದ ಕೂದಲಿನ ತುದಿಯನ್ನು ಒದ್ದೆಯಿದ್ದಾಗಲೇ ಕತ್ತರಿಸಿ, ಆದರೆ ಅಂದುಕೊಂಡದ್ದಕ್ಕಿಂತ 1 ಸೆಂ.ಮೀ. ಕಡಿಮೆ; ಒಣಗಿದಾಗ ಮೇಲೇರುತ್ತದೆ. ಗುಂಗುರು ಕೂದಲಂತೂ ಇನ್ನೂ ಹೆಚ್ಚು. ಲೇಯರ್ ಕಟ್ ಬೇಕೆಂದವರನ್ನು ಸಲೂನಿಗೇ ಕಳಿಸುವುದು ಜಾಣತನ.

ಪ್ರತಿ ಸಲ ಬ್ಲೇಡನ್ನು ಬ್ರಷ್ಷಿನಿಂದ ಉಜ್ಜಿ, ಎರಡು ಹನಿ ಕ್ಲಿಪ್ಪರ್ ಎಣ್ಣೆ ಬಿಡಿ. ಅಡುಗೆ ಎಣ್ಣೆ ಬಿಟ್ಟರೆ ಅಂಟುಗಟ್ಟಿ ಬ್ಲೇಡು ಕೂದಲು ಕೀಳಲು ತೊಡಗುತ್ತದೆ.