ಮನೆ ಕಾಯೋಕೆ ರಿವಾಲ್ವರ್: ಗುಂಡಿಲ್ಲದೆ ಕಲಿತಿದ್ದೇ ಜಾಸ್ತಿ

ಪುಣೆಯಿಂದ ಮುಳಶಿ ಕಡೆ ಹೋಗುವಾಗ ಪೌಡ್ ದಾಟಿದ ಮೇಲೆ ನಮ್ಮ ತೋಟದ ಮನೆ. ಅಕ್ಕಪಕ್ಕ ಮನೆಗಳಿಲ್ಲ, ಯಜಮಾನರು ಕೆಲಸದ ಮೇಲೆ ಆಗಾಗ ಊರಲ್ಲಿರುವುದಿಲ್ಲ. ಹಾಗಾಗಿ ಲೈಸೆನ್ಸಿಗೆ ನನ್ನ ಹೆಸರಲ್ಲೇ ಅರ್ಜಿ ಹಾಕಿದೆವು. ಪುಣೆ ನಗರದೊಳಗಾದರೆ ಪೊಲೀಸ್ ಕಮಿಷನರ್ ಕೊಡುತ್ತಾರೆ, ನಮ್ಮದು ಗ್ರಾಮೀಣ, ಜಿಲ್ಲಾಧಿಕಾರಿ ಕಚೇರಿ. ಎ-1 ಫಾರಂ, ಡಾಕ್ಟರ್ ಸರ್ಟಿಫಿಕೇಟ್, ಪೊಲೀಸ್ ವಿಚಾರಣೆ... ಆ ಓಡಾಟದ ಕಥೆ ಎಲ್ಲರದ್ದೂ ಒಂದೇ, ಬಿಡಿ.

ಸಿನಿಮಾದಲ್ಲಿ ನೋಡಿದ್ದೆಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಕೆಯ ಒಳಗಾತ್ರ), ನಮ್ಮಂಥವರಿಗಿಲ್ಲ. ಹೆಚ್ಚಾಗಿ ಉಳಿಯುವುದು .32 ಇಂಚಿನ ಬೋರ್. ಅದರಲ್ಲಿ ರಿವಾಲ್ವರ್, ಇಲ್ಲವೇ ಅಶನಿ ಥರದ ಪಿಸ್ತೂಲ್. ಪಿಸ್ತೂಲಿನ ಗುಂಡು ತುಂಬುವ ಮ್ಯಾಗಜೀನ್ ತೆಗೆದರೂ ಒಳಗೊಂದು ಗುಂಡು ಉಳಿದಿರಬಹುದು, ಸ್ಲೈಡ್ ಎಳೆದು ನೋಡಲೇಬೇಕು. ರಿವಾಲ್ವರ್ ಬಿಚ್ಚಿದರೆ ಗುಂಡು ಕೂರುವ ಆರೂ ತೂತು ಕಣ್ಣೆದುರಿಗೇ ಇರುತ್ತವೆ. ನಿದ್ದೆಗಣ್ಣಲ್ಲಿ ಎದ್ದವರಿಗೆ ಇದೇ ವಾಸಿ ಅನ್ನಿಸಿತು.

ಹೆಂಗಸು ಅಂತ ಅಂಗಡಿಯವರು ಮೊದಲು ಮುಂದಿಟ್ಟಿದ್ದು ನಿರ್ಭೀಕ್ ರಿವಾಲ್ವರ್. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ತಂದಿದ್ದು, ಬರೀ ಅರ್ಧ ಕಿಲೋ. ಆದರೆ ಆಯುಧ ಹಗುರ ಇದ್ದಷ್ಟೂ ಹಾರಿಸಿದಾಗ ಕೈಗೆ ಬೀಳುವ ಹೊಡೆತ ಜಾಸ್ತಿ. ಬ್ಯಾಗಲ್ಲಿಟ್ಟುಕೊಂಡು ತಿರುಗುವವರಿಗೆ ಸರಿ, ಮನೆಯಲ್ಲೇ ಇರುವುದಕ್ಕೆ ಹಗುರ ಯಾಕೆ? ತೂಕದ ಉಕ್ಕಿನದನ್ನೇ ತಗೊಂಡೆ.

ಅಭ್ಯಾಸ ಶುರುವಾಗಿದ್ದು ಟ್ರಿಗರ್‌ನಿಂದ. ಗುಂಡಿಗೆ ಬಡಿಯುವ ಹ್ಯಾಮರ್ ಹಿಂದಕ್ಕೆ ಎಳೆಯದೆ ನೇರ ಟ್ರಿಗರ್ ಒತ್ತಿದರೆ ಅದು ಉದ್ದ, ಬಿಗಿ. ಎಳೆಯುವಷ್ಟರಲ್ಲಿ ನಳಿಕೆ ತುದಿಯ ಗುರಿಮುಳ್ಳು ಕೆಳಗೆ ಜಾರಿರುತ್ತದೆ. ಕಲಿಸಿದವರು ಸೈನ್ಯದಿಂದ ನಿವೃತ್ತರಾದ ಮರಾಠಿ ಹವಾಲ್ದಾರರು. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿಸಿ, ಎರಡೆರಡು ಸಲ ಖಾಲಿ ಇದೆಯೇ ಅಂತ ನೋಡಿಸಿ, ಮದ್ದಿಲ್ಲದ ಡಮ್ಮಿ ಗುಂಡು ಹಾಕಿಸಿ, ದಪ್ಪ ಕಲ್ಲಿನ ಗೋಡೆ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದರು. ನಳಿಕೆ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಅದು ಬೀಳದ ಹಾಗೆ ಟ್ರಿಗರ್ ಎಳೆಯಬೇಕು. ಟಣ್ ಅಂತ ಬಿದ್ದಾಗೆಲ್ಲ "ತಾಈ, ಘಾಈ ನಕೋ" ಅನ್ನುತ್ತಿದ್ದರು. ಅವಸರ ಬೇಡ, ಅಷ್ಟೇ. ಜೊತೆಗೆ ಪುಣೆಯ ಬಾಲೆವಾಡಿ ಕ್ರೀಡಾಸಂಕೀರ್ಣದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ. ಕಡಿಮೆ ಶಕ್ತಿಯ .177 ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ, ಪೆಲೆಟ್ ಅಗ್ಗ. ನಿಜವಾದ ಗುಂಡು ಹಾರಿಸಿದ್ದು ಆಮೇಲೆ, ರೇಂಜಿನಲ್ಲಿ ಮಾತ್ರ.

ಇನ್ನೊಂದು ಪಾಠ ಮನೆಯೊಳಗೇ ನಡೆಯಿತು. ಮಲಗುವ ಕೋಣೆ ಬಾಗಿಲಲ್ಲಿ ಬರಿಗೈಲಿ ನಿಂತು ನೋಡಿದರೆ ಮುಂಬಾಗಿಲಿನ ನೇರಕ್ಕೇ ಆಚೆ ಕೆಲಸದವರ ಕೋಣೆ, ಅಲ್ಲಿ ಎರಡು ಮಕ್ಕಳು ಮಲಗುತ್ತವೆ. ಮರದ ಬಾಗಿಲು ಗುಂಡನ್ನು ತಡೆಯುತ್ತೆ ಅಂತ ನಂಬಲಾದೀತೇ? ಆ ದಿಕ್ಕಿಗೆ ಹಾರಿಸುವುದೇ ಇಲ್ಲ ಅಂತ ನಿರ್ಧಾರ. ಶಬ್ದವಾದರೆ ಮೊದಲು ಚಿಲಕ, ಆಮೇಲೆ 112ಕ್ಕೆ ಫೋನು, ಆಮೇಲೆ ಜೋರಾಗಿ ಕೂಗು. ಕೋಣೆ ಬಾಗಿಲು ಒಡೆದು ಒಳಗೆ ಬಂದರೆ ಮಾತ್ರ ರಿವಾಲ್ವರ್, ಅದೂ ಆ ನೇರ ಬಿಟ್ಟು ಪಕ್ಕಕ್ಕೆ ನಿಂತು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂ ಆತ್ಮರಕ್ಷಣೆ ಹಕ್ಕು ಕೊಡುತ್ತವೆ, ಆದರೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಓಡಿಹೋಗುವ ಕಳ್ಳನ ಬೆನ್ನಿಗೆ ಹೊಡೆದರೆ ಕೇಸು ನಮ್ಮ ಮೇಲೇ.

ರಿವಾಲ್ವರ್ ಇಡುವುದು ನಂಬರ್ ಲಾಕಿನ ಉಕ್ಕಿನ ಪೆಟ್ಟಿಗೆಯಲ್ಲಿ. ನಂಬರ್ ಗೊತ್ತಿರುವುದು ನನಗೊಬ್ಬಳಿಗೇ, ಲೈಸೆನ್ಸ್ ಇರುವುದು ನನಗೆ ಅಲ್ವಾ. ಚುನಾವಣೆ ಹೊತ್ತಲ್ಲಿ ಠಾಣೆಯಿಂದ ಸೂಚನೆ ಬಂದರೆ ಒಪ್ಪಿಸಿ ರಸೀದಿ ತಗೋಬೇಕು. ಆ ದಿನಗಳಲ್ಲಿ ಪೆಟ್ಟಿಗೆ ಖಾಲಿ, ಅದಕ್ಕೇ ಮಲಗುವ ಕೋಣೆಗೆ ಸಾಗವಾನಿ ಬಾಗಿಲು ಹಾಕಿಸಿ ಒಳಗಡೆ ಮೇಲೊಂದು ಕೆಳಗೊಂದು ಚಿಲಕ ಬಡಿಸಿದ್ದೇನೆ.